ಕೊನೆಯ ನಿಲ್ದಾಣದಲ್ಲಿ ಎರಡು ನಿಮಿಷ

ಕುವೊಪಿಯೊದ ಹದಿನಾರನೇ ನಂಬರಿನ ಬಸ್ಸು
ಆ ತುದಿಯಿಂದ ಈ ತುದಿಗೆ ನಲವತ್ತೇಳು ನಿಮಿಷ.
ನಡುವೆ ಶೌಚಾಲಯವಿಲ್ಲ.
ಇದನ್ನು ನಾನು ಡಾಕ್ಟರಿಗೆ ಹೇಳಲಿಲ್ಲ.
ನೂರ ಎಪ್ಪತ್ತೆರಡು ಅಂದರು, ಕೆಳಗಿನದು ತೊಂಬತ್ತೆಂಟು,
ಇದು ನೀರಿನ ಮಾತ್ರೆ, ಬೆಳಿಗ್ಗೆ ಒಂದು.
ಆಯಿತು ಅಂದೆ. ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದ ಹೆಂಗಸು
ಮೂತ್ರದ ಮಾತು ಎಲ್ಲಿಂದ ಎತ್ತಲಿ?

ಮೊದಲ ವಾರ
ಮಾರುಕಟ್ಟೆ ಚೌಕ ದಾಟುವಷ್ಟರಲ್ಲೇ ಬಂತು.
ಕೆಂಪು ದೀಪಗಳೆಲ್ಲ ನನ್ನ ಮೇಲೆ ಹಗೆ ಸಾಧಿಸಿದವು.
ಸೇತುವೆಯ ಎರಡೂ ಬದಿಗೆ ಕಣ್ಣು ಹಾಯುವಷ್ಟು ಸರೋವರ,
ಅತ್ತ ನೋಡಲೇ ಇಲ್ಲ.

ಹಾಗಾಗಿ ನಾನೇ ಡಾಕ್ಟರಾದೆ.
ಮಾತ್ರೆಯನ್ನು ರಾತ್ರಿಗೆ ಸರಿಸಿದೆ.
ಬಸ್ಸು ಗೆದ್ದಿತು, ನಿದ್ದೆ ಸೋತಿತು:
ಹನ್ನೆರಡಕ್ಕೆ, ಎರಡಕ್ಕೆ, ಮತ್ತೆ ನಾಲ್ಕಕ್ಕೆ
ಗೋಡೆ ತಡವುತ್ತ ನಡೆದೆ.
ಒಮ್ಮೆ ಕಾಲೊರಸಿಗೆ ಎಡವಿ ಮೊಣಕಾಲು ಊದಿತು,
ಊದಿದ್ದಕ್ಕೆ ಅಂಗಡಿಯ ನೋವಿನ ಗುಳಿಗೆ, ದಿನಕ್ಕೆ ಮೂರು.
ಎರಡು ಪಾಳಿ ಇದ್ದ ದಿನ ನೀರಿನ ಮಾತ್ರೆಗೇ ರಜೆ.
ಹಗಲು ತೂಕಡಿಕೆ ತಡೆಯಲು ಅತಿಮಧುರ.

ನಮ್ಮಲ್ಲಿ ಅದನ್ನು ಉಪ್ಪು ಬೆರೆಸಿ ಕಪ್ಪಗೆ ಮಾಡುತ್ತಾರೆ,
ಸಲ್ಮಿಯಾಕ್ಕಿ, ಡಾಂಬರಿನ ಬಣ್ಣ, ನಾಲಿಗೆ ಚುರುಗುಟ್ಟಬೇಕು.
ಹೊರಗಿನವರು ಉಗುಳುತ್ತಾರೆ, ನಾವು ಮಕ್ಕಳಿಗೆ ಕೊಡುತ್ತೇವೆ.
ತಪ್ಪೇನು, ಬೇರು ತಾನೆ?
ತಗಡಿನ ಡಬ್ಬಿ ಜೇಬಿನಲ್ಲಿ,
ನಿಲ್ದಾಣಕ್ಕೊಂದು ಬಾಯಿಗೆ.
ಹೆಸರಿನಲ್ಲೇ ಅತಿ ಇತ್ತು, ಓದಿಕೊಳ್ಳಲಿಲ್ಲ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ
ಬ್ರೇಕ್ ಒತ್ತಿದ ಕಾಲು ಹಗ್ಗ ಹೊಸೆದಂತೆ ಸೆಟೆದುಕೊಂಡಿತು.
ಬಸ್ಸು ನಿಂತಿತು, ಸದ್ಯ. ಕಾಲು ಬಿಡಲಿಲ್ಲ.
ಎದೆಯೊಳಗೆ ಏನೋ ಹೆಜ್ಜೆ ತಪ್ಪಿ
ಮತ್ತೆ ಓಡಿ ಬಂದು ಸೇರಿಕೊಂಡಿತು.
ಮುಂದಿನ ಸೀಟಿನ ಮುದುಕ ಕಲೇರ್ವೊ
ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.
"ಅವಸರವಿಲ್ಲಮ್ಮ" ಅಂದ.

ನರ್ಸ್ ಸಿನಿಕ್ಕಾ ರಕ್ತ ತೆಗೆದಳು.
ಪೊಟ್ಯಾಸಿಯಂ ಎರಡು ಪಾಯಿಂಟ್ ಎಂಟು.
ಬೈಯಲಿಲ್ಲ. "ಜೇಬಲ್ಲಿ ಏನಿದೆ?" ಅಂದಳು.
ಡಬ್ಬಿ ಮೇಜಿನ ಮೇಲಿಟ್ಟೆ.
ಸುಂಕದ ಕಟ್ಟೆಯಲ್ಲಿ ಸಿಕ್ಕಿಬಿದ್ದ ಮಾಲಿನಂತೆ
ಇಬ್ಬರೂ ಅದನ್ನೇ ನೋಡಿದೆವು.
"ಮಾತ್ರೆ ಉಪ್ಪು ನೀರನ್ನು ಹೊರಗೆ ಕಳಿಸುವಾಗ
ಪೊಟ್ಯಾಸಿಯಂ ಕೂಡ ಅದೇ ಬಾಗಿಲಲ್ಲಿ ಹೋಗುತ್ತೆ.
ಈ ಬೇರು ಅದರ ಬೆನ್ನಿಗೆ ಕೈಕೊಟ್ಟು ತಳ್ಳುತ್ತೆ,
ಮೇಲಾಗಿ ರಕ್ತದೊತ್ತಡವನ್ನೂ ಏರಿಸುತ್ತೆ."
ಮೊಣಕಾಲಿನ ಗುಳಿಗೆಯ ಸುದ್ದಿ ಕೇಳಿ ಕನ್ನಡಕ ತೆಗೆದಳು:
"ಮೂತ್ರಪಿಂಡಕ್ಕೆ ಎರಡು ಕಡೆಯಿಂದ ಗುದ್ದಿದ್ದೀಯ."

ಉಪ್ಪು ತಿಂದವರು ನೀರು ಕುಡಿಯಬೇಕು, ಸರಿ.
ನೀರು ಬಿಡುವವರು ಏನೇನು ತಿಂದೆವೆಂದು ಹೇಳಬೇಕು.
ಹೇಳಿದೆ. ರಾತ್ರಿಯ ಮಾತ್ರೆ, ಬಿಟ್ಟ ಮಾತ್ರೆ,
ಕಡೆಗೆ, ಮುಖ ಕೆಂಪಗಾಗಿ, ಹದಿನಾರನೇ ನಂಬರಿನ ಬಸ್ಸು.
ಅವಳು ನಗಲಿಲ್ಲ.
ಡಿಪೋಗೆ ಒಂದು ಕಾಗದ ಬರೆದಳು.

ಡಾಕ್ಟರು ಅಳತೆ ಇಳಿಸಿ ಇನ್ನೊಂದು ಮಾತ್ರೆ ಜೊತೆಗೂಡಿಸಿದರು,
ವಾರಕ್ಕೆ, ಆಮೇಲೆ ತಿಂಗಳಿಗೆ ರಕ್ತ ನೋಡಿದರು.
ಈಗ ಐದೂವರೆಗೆ ಏಳುತ್ತೇನೆ, ಪಾಳಿ ಒಂಬತ್ತಕ್ಕೆ.
ನಡುವಿನ ಹೊತ್ತು ಮಾತ್ರೆಯದು.
ಶನಿವಾರ ಸೌನಾದಲ್ಲಿ ಕೆಳಗಿನ ಹಲಗೆಯೇ ನನಗೆ,
ಏಳುವ ಮುಂಚೆ ಕೂತು ಹತ್ತು ಎಣಿಸುತ್ತೇನೆ.
ತಂಗಿ ಹಿಲ್ಲೆವಿ ಮುದುಕಿ ಎನ್ನುತ್ತಾಳೆ. ಎನ್ನಲಿ,
ಕಣ್ಣು ಕತ್ತಲೆ ಬಂದು ಬಿಸಿ ಕಲ್ಲಿನ ಮೇಲೆ ಬೀಳುವವಳು ಅವಳಲ್ಲ.
ಮೇ ತಿಂಗಳಲ್ಲಿ ವಾಂತಿಭೇದಿ ಹಿಡಿದಾಗ
ಮಾತ್ರೆ ಮುಟ್ಟುವ ಮೊದಲು ಫೋನು ಮುಟ್ಟಿದೆ.
ತಗಡಿನ ಡಬ್ಬಿಯಲ್ಲಿ ಈಗ ಗುಂಡಿಗಳಿವೆ.
ಮುಚ್ಚಳ ತೆಗೆದರೆ ಇನ್ನೂ ಅದೇ ವಾಸನೆ,
ದಿನಕ್ಕೊಮ್ಮೆ ತೆಗೆಯುತ್ತೇನೆ.

ಕೊನೆಯ ನಿಲ್ದಾಣದಲ್ಲಿ ಡ್ರೈವರುಗಳಿಗೆಂದು
ಹಸಿರು ಬಣ್ಣದ ಒಂದು ಚಿಕ್ಕ ಕೋಣೆ ಎದ್ದಿದೆ.
ಗಾಜಿಗೆ ಬೋರ್ಡು ತೂಗುಹಾಕುತ್ತೇನೆ: ಎರಡು ನಿಮಿಷ.
ಮೊದಮೊದಲು ಶಾಲೆಯ ಹುಡುಗರು ಕಿಸಕ್ಕೆಂದರು.
ನಿನ್ನೆ ಕಲೇರ್ವೊ ನನಗಿಂತ ಮುಂಚೆ ಇಳಿದು
ಹಿಮದಲ್ಲಿ ಕಾಲು ಕುಣಿಸುತ್ತ ಕೈ ಚಾಚಿದ:
"ಕೀಲಿಕೈ ಕೊಡಮ್ಮ, ಬೇಗ.
ನನಗೂ ಅದೇ ಮಾತ್ರೆ."